ಕುರಿಗಳು ಬಿಟ್ಟ ಹುಲ್ಲು

ದೆವ್ವ, ಗಾಳಿ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅವ್ವ ಪೋತ್ನಾಳದ ಗದ್ದೆಗಳಲ್ಲಿ ಬಗ್ಗಿ ಭತ್ತ ನಾಟಿ ಮಾಡಿ ಓದಿಸಿದಳು. ಹಂಗ ಓದಿದವನು ಕಾರಣವಿಲ್ಲದ್ದನ್ನು ನಂಬಿದರೆ ಆಕೆಯ ಬೆನ್ನುನೋವಿಗೆ ಅವಮಾನ ಅಂತ ತಿಳಿದಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ದೇವದುರ್ಗದ ಹತ್ತಿರದ ಒಂದು ಗಾಯರಾಣದಲ್ಲಿ ಕಂಡದ್ದನ್ನು ಇಲ್ಲ ಅನ್ನಲೂ ಆಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ತೀರ್ಮಾನ ನಿಮಗೆ ಬಿಟ್ಟದ್ದು.

ನನ್ನ ಪಿಎಚ್.ಡಿ. ಕೆಲಸ ಹುಲ್ಲುಗಾವಲಿನ ಮೇಲೆ. ಊರವರ ದನ, ಕುರಿ ಮೇಯುವ ಗಾಯರಾಣದಲ್ಲಿ ಒಂದು ತುಂಡು ನೆಲಕ್ಕೆ ತಂತಿಬೇಲಿ ಹಾಕಿ, ಮೇಯಲು ಬಿಡದೆ ಹುಲ್ಲು ಬೆಳೆಸಬೇಕು. ಕೊನೆಗೊಂದು ದಿನ ಬೇಲಿ ತೆಗೆದು ಕುರಿ ಬಿಟ್ಟು, ಏನು ತಿಂದವು, ಏನು ಬಿಟ್ಟವು ಎಂದು ಅಳೆಯಬೇಕು. ಅಲ್ಲಿ ಕುರಿ ಕಾಯುವ ಬೀರಪ್ಪನಿಗೆ ಇದೊಂದು ದೊಡ್ಡ ತಮಾಷೆ. "ಸಾಹೇಬ್ರು ಹುಲ್ಲಿಗೆ ಕೀಲಿ ಹಾಕ್ಯಾರ. ನಾಳಿ ಗಾಳಿಗೂ ಹಾಕ್ತಾರ ನೋಡ್ರಿ!" ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದ.

ಬೇಲಿ ತೆಗೆದ ದಿನ ಅವನ ಹಿಂಡನ್ನೇ ಬಿಟ್ಟೆವು. ಹಸಿದ ಕುರಿಗಳು ನುಗ್ಗಿದವು. ಹೊತ್ತು ಇಳಿಯುವಷ್ಟರಲ್ಲಿ ನೆಲ ಬೋಳಾಗಿತ್ತು. ನಡುವೆ ಮಾತ್ರ, ಒಬ್ಬ ಮನುಷ್ಯ ಚಕ್ಕಳಬಕ್ಕಳ ಹಾಕಿ ಕೂತರೆ ಹಿಡಿಯುವಷ್ಟು ಜಾಗದಲ್ಲಿ, ಹುಲ್ಲು ಹಾಗೇ ನಿಂತಿತ್ತು. ಕುರಿಗಳು ಅದರ ಅಂಚಿನವರೆಗೆ ಮೇಯ್ದು, ಸುತ್ತಿ ಆಚೆ ಹೋಗುತ್ತಿದ್ದವು. ಬೆದರಲಿಲ್ಲ, ಮೂಸಿಯೂ ನೋಡಲಿಲ್ಲ. ದಾರಿಯಲ್ಲಿ ಯಾರೋ ಕೂತಿದ್ದರೆ ಬಳಸಿ ಹೋಗುತ್ತವಲ್ಲ, ಹಾಗೆ.

"ಯಾಕ ಬೀರಪ್ಪ, ಇದನ್ಯಾಕ ಬಿಟ್ಟಾವು?" ಎಂದೆ.

"ನನ್ನ ಕೇಳಿದ್ರ? ಓದಿದವ್ರು ನೀವು. ಕುರೀನ ಕೇಳ್ರಿ," ಅಂದ.

ರಾಯಚೂರಿನಲ್ಲಿ ನನ್ನ ಗೈಡ್ ಸಿಟ್ಟಾದರು. "ಯಾರೋ ಔಷಧಿ ಚೆಲ್ಯಾರ. ಕಾರಣ ಹುಡುಕು, ಇಲ್ಲಾ ಆ ಪ್ಲಾಟ್ ಬಿಡು." ಪ್ಲಾಟ್ ಬಿಟ್ಟರೆ ಮತ್ತೆ ಮೊದಲಿನಿಂದ ಬೇಲಿ ಹಾಕಬೇಕು. ನನ್ನ ಫೆಲೋಶಿಪ್ ಅಲ್ಲಿಯವರೆಗೆ ಇರುತ್ತಿರಲಿಲ್ಲ. ಡಿಗ್ರಿಯ ಕಥೆ ಅಲ್ಲಿಗೇ ಮುಗಿದಂತೆ. ಮಣ್ಣು ಪರೀಕ್ಷಿಸಿದೆ, ಹುಲ್ಲು ಪರೀಕ್ಷಿಸಿದೆ. ಸುತ್ತಲಿನದಕ್ಕೂ ಅದಕ್ಕೂ ಏನೂ ಫರಕಿಲ್ಲ. ಅದೇ ಹುಲ್ಲನ್ನು ಒಂದು ಹಿಡಿ ಕೊಯ್ದು ಹೊರಗೆ ಹಾಕಿದರೆ ಬೀರಪ್ಪನ ಟಗರು ಕಡ್ಡಿಯೂ ಉಳಿಸದೆ ತಿಂದಿತು. ಕಡೆಗೆ ಕವಿತಾಳದ ಕಡೆಯಿಂದ, ಆ ನೆಲವನ್ನೇ ಕಂಡಿರದ ಹಿಂಡೊಂದನ್ನು ತರಿಸಿದೆ. ಮೋಟು ಹುಲ್ಲನ್ನು ಕಚ್ಚುತ್ತ ಅವೂ ಸುತ್ತಿಯೇ ಹೋದವು. ಅದನ್ನು ಗೈಡ್ ತಾವೇ ಬಂದು ನೋಡಿದರು. ಜೀಪು ಹತ್ತುವಾಗ, "ಕಾರಣ ತಿಳಿದಿಲ್ಲ ಅಂತ ಬರಿ. ಅದೂ ವಿಜ್ಞಾನನ," ಎಂದರು. ಬರೆದೆ. ಡಿಗ್ರಿ ಬಂತು.

ಮರುವರ್ಷ ಮೊದಲ ಮಳೆ ಆದ ಮೇಲೆ ಅವ್ವ, "ಅಷ್ಟ್ ವರ್ಷ ಬಿಸಲಾಗ ಏನ್ ಮಾಡಿದಿ, ಆ ಜಾಗಾ ತೋರ್ಸೋ," ಎಂದಳು. ಕರೆದುಕೊಂಡು ಹೋದೆ. ಬೇಸಿಗೆಯಲ್ಲಿ ಹಳೆಯದು ಒಣಗಿ ಹೋಗಿ, ಹುಲ್ಲು ಎಲ್ಲ ಕಡೆ ಒಂದೇ ಸಮ ಚಿಗುರಿತ್ತು. ಕುರಿಗಳು ಮೇಯದೆ ಬಿಟ್ಟಿದ್ದ ಜಾಗದ ಮೂಲೆಗಳಿಗೆ ನಾನು ಹೊಡೆದಿದ್ದ ಗಿಡ್ಡ ಗೂಟಗಳು ಮಾತ್ರ ಉಳಿದಿದ್ದವು. ಅದರ ವಿಷಯ ಆಕೆಗೆ ಹೇಳಿರಲಿಲ್ಲ. ಬೇಕಂತಲೇ ಗೂಟಗಳ ನಡುವಿನಿಂದ ಹಾಯ್ದು, ಆಚೆ ಹೋಗಿ, ತಿರುಗಿ ನಿಂತೆ. ಅವ್ವ ಬಂದಳು. ಗೂಟಗಳ ಹತ್ತಿರ ಬಂದಾಗ ಸುತ್ತು ಹಾಕಿ ಬಂದಳು.

"ಯವ್ವಾ, ನೆಟ್ಟಗ ಬರೋದ್ ಬಿಟ್ಟು ಸುತ್ತಿ ಯಾಕ ಬಂದಿ?"

"ನಾ ಎಲ್ಲಿ ಸುತ್ತಿದೆ? ಹುಳಾ ಹುಪ್ಪಡಿ ಇರ್ತಾವಂತ ನಿನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಕೊಂತ ಬಂದೀನಿ."

ನೆಲ ನೋಡಿದೆ. ಹಸಿ ಕೆಂಪು ಮಣ್ಣಿನಲ್ಲಿ ನನ್ನ ಬೂಟಿನ ಗುರುತುಗಳಿದ್ದವು, ಅವುಗಳ ಮೇಲೆ ಅವ್ವನ ಬರಿಗಾಲಿನವು. ಎರಡು ಹೆಜ್ಜೆಸಾಲುಗಳೂ ಗೂಟಗಳನ್ನು ಸುತ್ತಿಕೊಂಡು ಬಂದಿದ್ದವು. ನಡುವಿನ ಹುಲ್ಲಿನ ಮೇಲೆ ಮಳೆಹನಿ ಅಲುಗದೆ ಕೂತಿತ್ತು.

ಈಗ ನಾನೇ ವಿದ್ಯಾರ್ಥಿಗಳನ್ನು ಮಾನ್ವಿ, ದೇವದುರ್ಗದ ಗಾಯರಾಣಗಳಿಗೆ ಕರೆದೊಯ್ಯುತ್ತೇನೆ. ಪ್ರತಿಯೊಂದಕ್ಕೂ ಕಾರಣ ಕೇಳಿ ಅವರ ತಲೆ ತಿನ್ನುತ್ತೇನೆ. ಆ ಜಾಗಕ್ಕೂ ಹೋಗುತ್ತಿರುತ್ತೇನೆ. ಗೂಟಗಳ ನಡುವಿನಿಂದಲೇ ನೆಟ್ಟಗೆ ದಾಟುತ್ತೇನೆ, ಅಥವಾ ಹಾಗೆ ದಾಟಿದೆ ಅಂತ ನನಗನಿಸುತ್ತದೆ. ಹಿಂತಿರುಗಿ ಹೆಜ್ಜೆಗುರುತು ಮಾತ್ರ ನೋಡುವುದಿಲ್ಲ.