ಸುನಂದಮ್ಮ ಬಿಟ್ಟ ಎರಡಡಿ ಸಂದು

ಮನೆ ಮುರಿದು ಕಟ್ಟುವವರು, ಹಿಂದಕ್ಕೊಂದು ಕೋಣೆ ಸೇರಿಸುವವರು, ಗೋಡೆಗಾಗಿ ಪಕ್ಕದವರ ಜೊತೆ ಜಗಳ ಆಡಿಕೊಂಡವರು, ಯಾರೇ ಆಗಲಿ, ನಮ್ಮ ಹೊಸ ಅಗ್ರಹಾರದಲ್ಲಿ ಮೊದಲು ಹುಡುಕಿಕೊಂಡು ಬರುವುದು ಇಂಜಿನಿಯರನ್ನಲ್ಲ, ನನ್ನ ವಾರಗಿತ್ತಿ ಸುನಂದಮ್ಮನನ್ನು. ಅವಳ ಮನೆ ನಮ್ಮ ಮನೆಯ ಪಕ್ಕದಲ್ಲೇ ಇದೆ. ಬರುವವರು ನಮ್ಮ ಜಗುಲಿಯ ಮುಂದೆಯೇ ಚಪ್ಪಲಿ ಸದ್ದು ಮಾಡಿಕೊಂಡು ದಾಟಿ ಹೋಗುತ್ತಾರೆ. ಒಬ್ಬರಾದರೂ ನಿಂತು, ನೀವೇನಂತೀರಮ್ಮ ಎಂದು ನನ್ನನ್ನು ಕೇಳಿದ್ದಿಲ್ಲ. ಹೊಟ್ಟೆಕಿಚ್ಚು ಅನ್ನುತ್ತೀರೋ? ಅನ್ನಿ. ಇದ್ದದ್ದನ್ನು ಇಲ್ಲ ಅನ್ನುವವಳು ನಾನಲ್ಲ.

ಅವಳ ತವರು ಕಬಿನಿ ಕಟ್ಟೆಯ ಹತ್ತಿರದ ಬೀಚನಹಳ್ಳಿ. ಅಪ್ಪ ಗಾರೆ ಕೆಲಸದವನು, ಕಟ್ಟೆಯ ಕ್ವಾರ್ಟರ್ಸುಗಳ ರಿಪೇರಿಗೆ ಹೋಗುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವಳು ಅಪ್ಪನ ಹಿಂದೆಯೇ ಗಾರೆಯ ಬಾಂಡ್ಲಿ ಹೊತ್ತುಕೊಂಡು ಬೆಳೆದಳು. ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ನೆಲ ಸಮವಾಗಿದೆಯೋ ಇಲ್ಲವೋ ಹೇಳುವುದನ್ನು ಓದು ಬರಹಕ್ಕಿಂತ ಮೊದಲೇ ಕಲಿತಳಂತೆ. ನನ್ನ ಮೈದುನ ನಟರಾಜುವನ್ನು ಕಟ್ಟಿಕೊಂಡು ಈ ಮನೆಗೆ ಬಂದಾಗ ಅವಳ ಅಂಗೈ ಮುಟ್ಟಿ ನೋಡಿ, ಇದೇನು ಹೆಣ್ಣಿನ ಕೈಯೋ ಮರಳಿನ ಜರಡಿಯೋ ಎಂದು ನಾಲ್ಕು ಜನರ ಮುಂದೆ ನಕ್ಕಿದ್ದೆ. ಈಗ ಆ ಕೈ ತೋರಿಸಿದ ಕಡೆಗೇ ಊರಿನವರು ಗುದ್ದಲಿ ಹಾಕುತ್ತಾರೆ.

ಅವಳು ಹೇಳುವುದಾದರೂ ಏನು? ಮಣ್ಣಿನ ಗೋಡೆಯ ಮೇಲೆ ಮಹಡಿ ಏರಿಸಬೇಡಿ, ಕಂಬ ಹಾಕಿಸಿ. ಕಕ್ಕಸಿನ ಗುಂಡಿಯನ್ನು ಪಕ್ಕದವರ ಗೋಡೆಯ ಬುಡದಲ್ಲಿ ತೋಡಬೇಡಿ. ಕಿಟಕಿ ಇಡುವಾಗ ಅದು ಎದುರು ಮನೆಯ ಬಚ್ಚಲಿಗೆ ಮುಖ ಮಾಡದ ಹಾಗೆ ನೋಡಿಕೊಳ್ಳಿ. ಜಂಟಿ ಗೋಡೆ ಮುಟ್ಟುವ ಮುಂಚೆ ಆ ಕಡೆಯವರಿಗೆ ಹೇಳಿ, ಒಪ್ಪಿದರೆ ಬರೆಸಿಕೊಳ್ಳಿ, ಆಮೇಲೆ ಹಾರೆ ಎತ್ತಿ. ಇಷ್ಟೇ. ಇದಕ್ಕೇನು ಮಹಾ ಬುದ್ಧಿ ಬೇಕು? ಜನ ಮಾತ್ರ ವೇದವಾಕ್ಯದ ಹಾಗೆ ಕೇಳಿಸಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು. ಪಿರಿಯಾಪಟ್ಟಣದಿಂದಲೂ ಫೋನು ಬರುತ್ತಿತ್ತು.

ಅಣ್ಣ ತಮ್ಮಂದಿರು ಪಾಲಾದಾಗ ಹೆಂಚಿನ ಮನೆಯನ್ನು ನಡುವೆ ಎರಡು ಮಾಡಿ, ಹಿತ್ತಿಲಿಗೆ ಹಗ್ಗ ಹಿಡಿದು ಗೆರೆ ಹಾಕಿ ಕಲ್ಲು ನೆಟ್ಟಿದ್ದರು. ನಮ್ಮ ಯಜಮಾನರು ಮಹದೇವಪ್ಪ ಹಿರಿಯರಾದ್ದರಿಂದ ಬಲಗಡೆ ನಮಗೆ ಬಂತು. ಮೂರು ವರ್ಷದ ಹಿಂದೆ ಸುನಂದಮ್ಮ ತನ್ನ ಪಾಲನ್ನು ಕೆಡವಿಸಿ, ತಾನೇ ಬಿಸಿಲಲ್ಲಿ ನಿಂತು ಆರ್‌ಸಿಸಿ ಮನೆ ಎಬ್ಬಿಸಿದಳು. ಗೆರೆಯಿಂದ ಎರಡಡಿ ಒಳಕ್ಕೆ ಸರಿದು ಗೋಡೆ ಕಟ್ಟಿಸಿದಳು. ತನ್ನದೇ ಜಾಗವನ್ನು ಉದ್ದಕ್ಕೂ ಸಂದು ಬಿಟ್ಟಿದ್ದು ನೋಡಿ, ಇದು ದುಡ್ಡಿನ ಕೊಬ್ಬು ಎಂದೆ. ಗೃಹಪ್ರವೇಶದ ದಿನ ತಲೆನೋವು ಎಂದು ಹೊದ್ದುಕೊಂಡು ಮಲಗಿದೆ. ಹೋಳಿಗೆಯ ವಾಸನೆ ಹೊದಿಕೆಯೊಳಕ್ಕೂ ಬಂತು.

ನನ್ನ ಒಬ್ಬಳೇ ಮಗಳು ಚೈತ್ರಳನ್ನು ಹುಣಸೂರಿಗೆ ಕೊಟ್ಟಿದ್ದೇವೆ. ಈ ವರ್ಷ ಸಂಕ್ರಾಂತಿಗೆ ಬಂದಾಗ ಮೂರು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತಾಯಿಯ ಮನೆಯದು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವಳು ವಾಪಸು ಹೋದವಳು ಫೋನಿನಲ್ಲಿ ಸಲೀಸಾಗಿ ಅಂದುಬಿಟ್ಟಳು:

"ಅಮ್ಮಾ, ಬಾಣಂತನಕ್ಕೆ ಚಿಕ್ಕಮ್ಮನ ಮನೇಲೇ ಇರ್ತೀನಿ ಕಣಮ್ಮ. ಅಲ್ಲಿ ರೂಮೊಳ್ಗೇ ಬಚ್ಚಲದೆ. ನಮ್ಮನೇಲಿ ಮಳೇಲೂ ಹಿತ್ಲಿಗೆ ಓಡ್ಬೇಕು."

ಮೈಯೆಲ್ಲ ಉರಿದುಹೋಯಿತು. ಊರಿನವರು ಅವಳ ಕಡೆ ಹೋಗಲಿ, ಸಾಯಲಿ. ನಾನು ಹೆತ್ತ ಮಗಳೂ ಅವಳ ಕಡೆಯೇ? ಆ ಬಾಣಂತನ ನನ್ನ ಸೂರಿನ ಕೆಳಗೇ ಆಗಬೇಕು, ಮಿಕ್ಕಿದ್ದು ಏನಾದರೂ ಆಗಲಿ ಎಂದು ಹಟ ಹಿಡಿದೆ. ಯಜಮಾನರು ಮುಂದಿನ ವರ್ಷ ನೋಡೋಣ ಎಂದರು. ಮಗು ಮುಂದಿನ ವರ್ಷಕ್ಕೆ ಕಾಯುತ್ತದೆಯೇ ಎಂದು ಕೇಳಿದೆ. ಯುಗಾದಿ ಮುಗಿದ ವಾರಕ್ಕೆ ಕಂಠಪ್ಪ ಮೇಸ್ತ್ರಿ ಹಿತ್ತಿಲಲ್ಲಿ ದಾರ ಕಟ್ಟಿದ. ಕೋಣೆ, ಅದರೊಳಗೇ ಬಚ್ಚಲು. ನೆಲಗಟ್ಟು ಮಾತ್ರ ಸುನಂದಮ್ಮನ ಮನೆಗಿಂತ ಒಂದು ವರಸೆ ಇಟ್ಟಿಗೆಯಷ್ಟು ಎತ್ತರ ಇರಬೇಕು ಎಂದು ಹೇಳಿದೆ. ಹಿರಿಯರ ಮನೆ ತಗ್ಗಿನಲ್ಲಿ ಇರಬಾರದಲ್ಲ.

ಆಗ ಸುನಂದಮ್ಮ ಗೆರೆಯ ಕಲ್ಲಿನ ಆ ಕಡೆ, ತನ್ನ ಸಂದಿನಲ್ಲಿ ನಿಂತು ನೋಡಿ ಅಂದಳು: "ಅಕ್ಕಾ, ಗೆರೆ ಮ್ಯಾಲೆ ಕಟ್ಬ್ಯಾಡಿ. ಎರಡಡಿ ಒಳಿಕ್ಕೆ ಬನ್ನಿ. ನಾಳೆ ಹೊರಗಡಿಂದ ಪ್ಲಾಸ್ಟರ್ ಮಾಡಕ್ಕೆ ನಿಮ್ ಜಾಗ ನಿಮ್ಗಿರ್ಲಿ."

ನಮ್ಮ ಕಡೆ ಒಂದು ಭಯವಿದೆ. ಬಿಟ್ಟ ಜಾಗವನ್ನು ಪಕ್ಕದವರು ಮೊದಲು ಗುಡಿಸುತ್ತಾರೆ, ಆಮೇಲೆ ಸೌದೆ ಒಟ್ಟುತ್ತಾರೆ, ಹತ್ತು ವರ್ಷ ಕಳೆದರೆ ನಮ್ಮದು ಅನ್ನುತ್ತಾರೆ. ಅದಕ್ಕೇ ಯಾರೂ ಒಂದು ಗೇಣೂ ಬಿಡುವುದಿಲ್ಲ, ಗೆರೆಯ ಮೇಲೆಯೇ ಗೋಡೆ ಏರಿಸುತ್ತಾರೆ. ಬಿಟ್ಟವಳು ಇಡೀ ಊರಿಗೆ ಇವಳೊಬ್ಬಳು. ನನ್ನ ಜಾಗಕ್ಕೇ ಕಣ್ಣು ಹಾಕಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಮೇಸ್ತ್ರಿ, ಕೂಲಿಯವರು, ಬೀದಿಯಲ್ಲಿ ಹೋಗುತ್ತಿದ್ದವರು, ಎಲ್ಲರೂ ಕೇಳುವ ಹಾಗೆ ಕೂಗಿದೆ.

"ಮಕ್ಳಿಲ್ದೋಳ್ಗೆ ನನ್ ಎರಡಡಿ ಯಾಕ್ ಬೇಕೇ? ಯಾರಿಗ್ ಬರ್ದಿಡ್ತೀಯೆ?"

ಸತ್ತರೂ ನಿನ್ನ ಜಾಗದಲ್ಲಿ ಕಾಲಿಡುವುದಿಲ್ಲ ಎಂದೂ ಸೇರಿಸಿದೆ. ಅವಳು ಒಳಗೆ ಹೋದಳು. ಕಂಠಪ್ಪ ತಲೆ ತಗ್ಗಿಸಿಕೊಂಡು ದಾರವನ್ನು ಗೆರೆಯ ಮೇಲೆಯೇ ಬಿಗಿದ. ನಟರಾಜು ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟ.

ಮೇ ತಿಂಗಳ ಕೊನೆಗೆ ಕೋಣೆ ಎದ್ದಿತು. ಒಳಗೆಲ್ಲ ಪ್ಲಾಸ್ಟರು, ಗುಲಾಬಿ ಬಣ್ಣ. ಮೂರು ಕಡೆ ಹೊರಗೂ ಪ್ಲಾಸ್ಟರಾಯಿತು. ಸುನಂದಮ್ಮನ ಕಡೆಯ ಗೋಡೆ ಮಾತ್ರ ಬರೀ ಸಿಮೆಂಟ್ ಇಟ್ಟಿಗೆಯಾಗಿಯೇ ಉಳಿಯಿತು. ಆ ಕಡೆ ನಿಲ್ಲಲು ನಮಗೆ ಅಂಗುಲ ಜಾಗವಿರಲಿಲ್ಲ. ಜೂನಿನಲ್ಲಿ ಮಳೆ ಹಿಡಿದ ಮೂರೇ ದಿನಕ್ಕೆ ಗೋಡೆ ನೀರು ಕುಡಿದು, ಗುಲಾಬಿ ಬಣ್ಣ ಬೊಕ್ಕೆ ಎದ್ದು ಉದುರಿತು. ಒಳಗಿಂದ ಏನು ಬಳಿದರೂ ನಿಲ್ಲುವುದಿಲ್ಲ, ಅವರ ಸಂದಿನಲ್ಲಿ ನಿಂತು ಹೊರಗಡೆ ಪ್ಲಾಸ್ಟರ್ ಮಾಡಬೇಕು, ಹೋಗಿ ಒಂದು ಮಾತು ಕೇಳಿ ಎಂದ ಕಂಠಪ್ಪ. ನಾನು ಕೇಳಲಿಲ್ಲ. ಮೇಲಿಂದ ಟಾರ್ಪಾಲು ಇಳಿಬಿಟ್ಟೆ. ಗಾಳಿಗೆ ಅದು ಹಾರಿ ಹೋಗಿ ಅವಳ ಮನೆಯ ತಾರಸಿಯ ಮೇಲೇ ಬಿತ್ತು. ಅವಳು ಮಡಚಿ ನಮ್ಮ ಜಗುಲಿಯ ಮೇಲೆ ಇಟ್ಟು ಹೋದಳು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಒಂಬತ್ತನೇ ತಿಂಗಳಿಗೆ ಬಿದ್ದಾಗ ಚೈತ್ರ ಬಂದಳು. ಹೊಸ ಕೋಣೆಗೆ ಕಾಲಿಟ್ಟು, ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, ಒದ್ದೆ ಕೈ ಒರೆಸಿಕೊಂಡು ಹೊರಗೆ ಬಂದು ಕೂತಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವತ್ತೇ ಸಂಜೆ ಮಾನ ಮರ್ಯಾದೆ ಬದಿಗಿಟ್ಟು ಸುನಂದಮ್ಮನ ಗೇಟಿನ ಹತ್ತಿರ ಹೋಗಿ ನಿಂತೆ. ಅವಳು ಸೊಪ್ಪು ಸೋಸುತ್ತಿದ್ದಳು. ಕೇಳಿದ್ದಕ್ಕೆ, ಮಾಡಿಸಿಕೊಳ್ಳಿ ಅಕ್ಕಾ, ಆದರೆ ಜಾಗ ನಮ್ಮದು, ಕೆಲಸ ಮುಗಿಯುವ ತನಕ ಬಳಸಿಕೊಳ್ಳುತ್ತೀರಿ ಎಂದು ಬರೆದುಕೊಡಿ ಅಂದಳು. ಹಲ್ಲು ಕಚ್ಚಿಕೊಂಡು ರುಜು ಹಾಕಿದೆ. ಕಂಠಪ್ಪನ ಕೂಲಿಯವರಲ್ಲಿ ಸಣಕಲರಿಬ್ಬರು ಸಂದಿನೊಳಗೆ ಅಡ್ಡಡ್ಡ ನುಸುಳಿ ಕೆಲಸ ಮಾಡಿದರು. ಹೊಸ ಪ್ಲಾಸ್ಟರು ಬಿರಿಯದ ಹಾಗೆ ಕ್ಯೂರಿಂಗಿಗೆ ಸುನಂದಮ್ಮನೇ ತನ್ನ ನಲ್ಲಿಯಿಂದ ಪೈಪು ಎಳೆದು, ಬೆಳಗ್ಗೆ ಸಂಜೆ ನೀರು ಹಿಡಿದಳು.

ಗೋಡೆ ಒಣಗಲು ಇನ್ನೂ ಮೂರು ವಾರ ಬೇಕಿತ್ತು. ಚೈತ್ರಳಿಗೆ ಡಾಕ್ಟರು ಹೇಳಿದ್ದ ದಿನಕ್ಕಿಂತ ಎರಡು ವಾರ ಮುಂಚೆಯೇ ನೋವು ಬಂತು. ಗಂಡು ಮಗು. ತೂಕ ಕಡಿಮೆ, ಥಂಡಿ ಜಾಗದಲ್ಲಿ ಮಲಗಿಸಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದರು. ಆಸ್ಪತ್ರೆಯಿಂದ ಬಂದ ಕಾರು ನಮ್ಮ ಜಗುಲಿ ದಾಟಿ ಸುನಂದಮ್ಮನ ಗೇಟಿನ ಮುಂದೆ ನಿಂತಿತು. ಎದೆಯಲ್ಲಿ ಬೆಂಕಿ ಇಟ್ಟುಕೊಂಡೇ ನಾನೂ ಇಳಿದೆ.

ಅಲ್ಲಿ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮೆಣಸು, ಓಮ, ಬೆಳ್ಳುಳ್ಳಿ ಎಲ್ಲ ಹದವಾಗಿ ಸಿದ್ಧವಿತ್ತು. ಸುನಂದಮ್ಮ ಬಾಣಂತಿಯ ಬಟ್ಟೆ ಒಗೆದಳು, ಪಥ್ಯದ ಅಡುಗೆ ಮಾಡಿದಳು. ಆದರೆ ಕೋಣೆಯೊಳಗೆ ಬರಲಿಲ್ಲ. ತಂದದ್ದನ್ನೆಲ್ಲ ಹೊಸಿಲ ಮೇಲಿಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ನನ್ನ ಮೊಮ್ಮಗುವಿನ ಮೇಲೆ ಕೈ ಹಾಕುತ್ತಿಲ್ಲ, ಸದ್ಯ, ಎಂದು ನನಗೆ ಒಳಗೊಳಗೇ ಹಿತವಾಗಿತ್ತು.

ಮೂರನೇ ದಿನ ಚೈತ್ರಳಿಗೆ ನೀರು ಹಾಕಿ, ತಲೆಗೆ ಸಾಂಬ್ರಾಣಿ ಹೊಗೆ ಹಿಡಿದಿದ್ದೆ. ಮಗು ಕಿರುಚತೊಡಗಿತು. ಒಂದು ಕೈಯಲ್ಲಿ ಅದನ್ನು ಎತ್ತಿಕೊಂಡೆ, ಇನ್ನೊಂದರಲ್ಲಿ ಕೆಂಡದ ಬಟ್ಟಲು. ಬಾಗಿಲಲ್ಲಿ ನಿಂತಿದ್ದ ಸುನಂದಮ್ಮನನ್ನು ನೋಡಿ, ಕಂಬದ ಹಾಗೆ ನಿಂತಿದ್ದೀಯಲ್ಲ, ಎತ್ತಿಕೊಳ್ಳಬಾರದೇ ಎಂದು ರೇಗಿದೆ.

"ನೀವಾಗೇ ಕೊಡೋಗಂಟ ಮುಟ್ಬಾರ್ದು ಅಂತಿದ್ದೆ ಅಕ್ಕಾ," ಅಂದಳು. "ಮಕ್ಳಿಲ್ದೋಳು ಎತ್ಕಂಡ್ಲು ಅಂತ ನಿಮ್ ಮನಸಿಗೆ ಏನಾರ ಆದಾತು."

ಅದರಲ್ಲಿ ಚುಚ್ಚು ಇರಲಿಲ್ಲ. ಚೈತ್ರ ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು. ಸುಳ್ಳು ಯಾಕೆ ಹೇಳಲಿ, ಆಗಲೂ ಮಗುವನ್ನು ಕೊಡಲು ಕೈ ಮುಂದೆ ಹೋಗಲಿಲ್ಲ. ತಡೆದು ತಡೆದು ಕೊಟ್ಟೆ. ಅವಳ ಕೈಗೆ ಹೋದ ಮೇಲೂ ಮಗು ಅಳು ನಿಲ್ಲಿಸಲಿಲ್ಲ. ಅಷ್ಟಕ್ಕೇ ನನಗೆ ಖುಷಿಯಾಯಿತು, ನೋಡಿ, ಎಂಥ ಹಾಳು ಬುದ್ಧಿ ನನ್ನದು. ಆಮೇಲೆ ನೋಡಿದರೆ ಅದನ್ನು ಎದೆಗೆ ಒತ್ತಿಕೊಂಡು ಅವಳೂ ಅಳುತ್ತಿದ್ದಳು.