ಹೆಸರು ಕೂಗಿ ಕೊಡುವ ಪುಸ್ತಕ

ಆ ಗುಳ್ಳೆ ನನ್ನ ಕಣ್ಣಿಗೆ ಬಿದ್ದದ್ದು ಬಚ್ಚಲಲ್ಲಿ. ಎಡಗೈಯ ಮೊಣಕೈ ಕೆಳಗೆ ನೀರು ತುಂಬಿಕೊಂಡು ದಪ್ಪಗೆ ಎದ್ದಿತ್ತು. ಸುಟ್ಟ ಗುಳ್ಳೆ ಎಂದು ನೋಡಿದ ಕೂಡಲೇ ತಿಳಿಯಿತು. ಹಿಂದಿನ ದಿನ ರೊಟ್ಟಿ ಮಾಡುವಾಗ ಹಂಚಿನ ಅಂಚು ತಾಗಿರಬೇಕು. ಆದರೆ ತಾಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಒಗ್ಗರಣೆಯ ಸಾಸಿವೆ ಸಿಡಿದರೂ ಓಣಿಗೆಲ್ಲ ಕೇಳುವ ಹಾಗೆ ಚೀರುವವಳು ನಾನು. ಅಂಥವಳಿಗೆ ಇಷ್ಟು ದೊಡ್ಡ ಗುಳ್ಳೆ ಎದ್ದರೂ ಉರಿ ಇಲ್ಲ, ನೋವಿಲ್ಲ.

ಗುಳ್ಳೆ ಎದ್ದ ಜಾಗದಲ್ಲಿ ಕೆಲವು ತಿಂಗಳಿಂದ ಒಂದು ಮಾಸಲು ಕಲೆ ಇತ್ತು. ಚಿಬ್ಬು ಇರಬೇಕು, ಹೋಗುತ್ತದೆ ಎಂದು ಬಿಟ್ಟಿದ್ದೆ. ಈಗ ಸೆರಗಿನ ಪಿನ್ನು ತೆಗೆದು ಮೆಲ್ಲಗೆ ಚುಚ್ಚಿ ನೋಡಿದೆ. ಒಮ್ಮೆ ನೋವಾದ ಹಾಗೆ, ಒಮ್ಮೆ ಆಗದ ಹಾಗೆ. ಚುಚ್ಚುವುದು ಕಣ್ಣಿಗೆ ಕಾಣುತ್ತಿತ್ತಲ್ಲ, ಕೈಗೆ ತಿಳಿಯಿತೋ ಕಣ್ಣೇ ಹೇಳಿತೋ ಎಂದು ಬಗೆಹರಿಯಲಿಲ್ಲ. ಬಚ್ಚಲಲ್ಲಿ ನೀರು ಆರಿ ಹೋಗುವವರೆಗೆ ಕೂತಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನು ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಅಪ್ಪ ಅವ್ವ ತಂಗಿ ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ. ಲಗ್ನವಾಗದ ಹುಡುಗಿ ಪರಊರಲ್ಲಿ ಒಬ್ಬಳೇ ಇರುವುದು ಹೇಗೆಂದು ಅಪ್ಪನ ತಾಯಿಯನ್ನು, ನನ್ನ ಅಜ್ಜಿಯನ್ನು, ನನ್ನ ಕಾವಲಿಗೆ ಕಳಿಸಿದ್ದರು. ಅಜ್ಜಿಯ ಜೊತೆ ಆಕೆಯ ದೇವರೂ ಆಕೆಯ ಮಡಿಯೂ ಬಂದವು. ಬೆಳಿಗ್ಗೆ ಸ್ನಾನ ಮಾಡಿ ಮಡಿ ಸೀರೆ ಉಟ್ಟಳೆಂದರೆ ಪೂಜೆ, ನೈವೇದ್ಯ ಮುಗಿಯುವವರೆಗೆ ಯಾರೂ ಆಕೆಯನ್ನು ಮುಟ್ಟುವಂತಿರಲಿಲ್ಲ. ನನ್ನ ಸೆರಗು ಗಾಳಿಗೆ ಹಾರಿ ತಾಗಿದರೂ ಮತ್ತೆ ತಣ್ಣೀರು ಸ್ನಾನ. ನನ್ನ ರೊಟ್ಟಿಗೂ ಬೇರೆ ಒಲೆ. ಈ ಗಡಿಬಿಡಿಗೆ ನಾನು ಬೇಕಾದಷ್ಟು ರೇಗಿದ್ದೇನೆ. ಆಕೆ ಒಮ್ಮೆಯೂ ಸೋತಿರಲಿಲ್ಲ.

ನನಗೆ ಯಾಕೆ ಅಷ್ಟು ಭಯವಾಯಿತೆಂದು ಹೇಳಬೇಕು. ನಾನು ಸಣ್ಣವಳಿದ್ದಾಗ ನಮ್ಮ ಓಣಿಯ ಕೊನೆಯ ಮನೆಯಲ್ಲಿ ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಹೆಂಗಸಿಗೆ ಕುಷ್ಠ ಬಂತು. ನಮ್ಮ ಮನೆಯಲ್ಲಿ ಆ ಹೆಸರು ಹೇಳುತ್ತಿರಲಿಲ್ಲ, ದನಿ ಇಳಿಸಿ ದೊಡ್ಡ ರೋಗ ಎನ್ನುತ್ತಿದ್ದರು. ಕಾಕುವನ್ನು ಹಿತ್ತಲಿನ ಕೊಟ್ಟಿಗೆಗೆ ಹಾಕಿದರು. ಊಟದ ಗಂಗಾಳವನ್ನು ಕೋಲಿನಿಂದ ಮುಂದೆ ತಳ್ಳುತ್ತಿದ್ದರು. ನಾವು ಹುಡುಗಿಯರು ಗೋಡೆಯ ಮೇಲಿಂದ ಇಣುಕಿ ನೋಡಿ ಓಡಿಹೋಗುತ್ತಿದ್ದೆವು. ಒಂದು ದಿನ ಕೊಟ್ಟಿಗೆಯಲ್ಲಿ ಆಕೆ ಇರಲಿಲ್ಲ. ಎಲ್ಲಿಗೆ ಹೋದಳೆಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಆಕೆಯ ತಂಗಿಯರಿಗೂ ಸಂಬಂಧ ಕೂಡಿಬರಲಿಲ್ಲ.

ಈಗ ನನಗೊಬ್ಬ ತಂಗಿ ಇದ್ದಳು. ಮುಂಡರಗಿಯಿಂದ ನನಗೊಂದು ಸಂಬಂಧವೂ ಬಂದಿತ್ತು, ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಕಲೆಯ ಮಾತು ಹೊರಬಿದ್ದರೆ ನನ್ನ ನೌಕರಿ, ಲಗ್ನ, ತಂಗಿಯ ಬಾಳು ಎಲ್ಲವೂ ಒಂದೇ ಏಟಿಗೆ ಹೋಗುತ್ತಿದ್ದವು. ಹೊರಬೀಳದಿದ್ದರೆ ಕಾಕುವಿನ ಬೆರಳುಗಳಿಗೆ ಆದದ್ದು ನನ್ನ ಬೆರಳುಗಳಿಗೂ ಆಗುತ್ತಿತ್ತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಇವತ್ತಿಗೂ ಹೇಳಲಾರೆ.

ಊರಿನ ಡಾಕ್ಟರರನ್ನು ಕೇಳುವಂತಿರಲಿಲ್ಲ. ಅವರ ಕಂಪೌಂಡರನ ಹೆಂಡತಿ ನನ್ನ ಜೊತೆಯ ಶಿಕ್ಷಕಿ. ಗಂಡ ಮಧ್ಯಾಹ್ನ ಕೊಟ್ಟ ಔಷಧ ಹೆಂಡತಿಯ ಬಾಯಲ್ಲಿ ಮರುದಿನ ಶಾಲೆಗೆ ಬರುತ್ತಿತ್ತು. ಪುಸ್ತಕವಾದರೆ ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ. ಎಂಥ ಹುಚ್ಚಿ ನಾನು. ಪುಸ್ತಕಕ್ಕೆ ಬಾಯಿ ಇಲ್ಲ ಖರೆ, ಅದನ್ನು ತೆಗೆದುಕೊಡುವವರಿಗೆ ಇರುತ್ತದಲ್ಲ!

ಶಿರಹಟ್ಟಿಯ ವಾಚನಾಲಯವೆಂದರೆ ಒಂದು ಕೋಣೆ, ಒಂದು ಉದ್ದ ಮೇಜು, ಬೀಗ ಹಾಕಿದ ಒಂದು ಕಪಾಟು. ಪೇಪರ್ ಓದುವ ಗಂಡಸರಿಂದ ಅದು ಯಾವಾಗಲೂ ತುಂಬಿರುತ್ತಿತ್ತು. ನಾನು ಹೊಸ್ತಿಲು ದಾಟಿದ್ದೇ ತಡ, ಪೇಪರುಗಳೆಲ್ಲ ಒಟ್ಟಿಗೆ ಕೆಳಗಿಳಿದು ಮೇಲೆ ಕಣ್ಣುಗಳು ಕಂಡವು.

"ಏನ್ರಿ ಅಕ್ಕೋರ, ಕಾದಂಬರಿ ಕೊಡ್ಲ್ಯಾ?" ಎಂದ ಪುಸ್ತಕ ತೆಗೆದುಕೊಡುವ ಸಿಪಾಯಿ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು ರೂಢಿ.

"ಆರೋಗ್ಯದ ಪುಸ್ತಕ ಇದ್ರ ಕೊಡಪಾ. ಶಾಲಿ ಪಾಠಕ್ಕ."

ಮೊದಲು ಹಲ್ಲು ತಿಕ್ಕುವ ಚಿತ್ರಗಳಿದ್ದ ಪುಸ್ತಕ ಕೊಟ್ಟ. ಇನ್ನೂ ದೊಡ್ಡದು ಬೇಕೆಂದಾಗ ಮನೆವೈದ್ಯದ ದಪ್ಪ ಪುಸ್ತಕ ಹೊರಬಂತು. ವಿಷಯಸೂಚಿಯಲ್ಲಿ ಆ ರೋಗದ ಹೆಸರು ಇತ್ತು. ಪುಟ ತಿರುವುತ್ತ ಹೋದೆ. ಆ ಪುಟಗಳು ಇರಲಿಲ್ಲ. ಹಿಂದಿನ ಪಾಠವೂ ಇತ್ತು, ಮುಂದಿನದೂ ಇತ್ತು. ನಡುವಿನ ಹಾಳೆಗಳನ್ನಷ್ಟೇ ಯಾರೋ ಬ್ಲೇಡಿನಿಂದ ನೀಟಾಗಿ ಕೊಯ್ದು ಒಯ್ದಿದ್ದರು.

ನನಗಿಂತ ಮೊದಲು ಈ ಊರಲ್ಲಿ ಯಾರೋ ಹೀಗೇ ಹೆದರಿ, ಹೀಗೇ ಕದ್ದು ಬಂದು ಈ ಪುಸ್ತಕ ಹಿಡಿದಿದ್ದರು. ಪಾಪ ಅನ್ನಿಸಬೇಕಿತ್ತು, ನನಗೆ ಮೈ ಜುಮ್ಮೆಂದಿತು. ಮೇಜಿನ ಸುತ್ತ ಪೇಪರ್ ಹಿಡಿದ ಕೈಗಳನ್ನೆಲ್ಲ ನೋಡತೊಡಗಿದೆ. ಆಮೇಲೆ ಹಲವು ದಿನ ಬಸ್ಸಿನಲ್ಲಿ, ಸಂತೆಯಲ್ಲಿ ಎಲ್ಲರ ಕೈಗಳನ್ನೇ ನೋಡುತ್ತಿದ್ದೆ. ನನ್ನ ಕೈಯನ್ನು ಮಾತ್ರ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ.

ಇನ್ನುಳಿದದ್ದು ಗದಗಿನ ದೊಡ್ಡ ಗ್ರಂಥಾಲಯ. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತಿತ್ತು. ಅವ್ವನನ್ನು ನೋಡಿ ಬರುತ್ತೇನೆಂದು ಅಜ್ಜಿಗೆ ಹೇಳಿ ಬಸ್ಸು ಹತ್ತಿದೆ. ಪಕ್ಕಕ್ಕೆ ಕೂತ, ದಾರಿಯಲ್ಲಿ ಸಿಗುವ ಮಾಗಡಿ ಹಳ್ಳಿಯ ಹೆಂಗಸು ಕೆರೆಗೆ ಹಕ್ಕಿ ಬಂದದ್ದು, ಅವು ಕಡಲೆ ಹೊಲಕ್ಕೆ ಇಳಿದದ್ದು, ಗಂಡ ಅವನ್ನು ಓಡಿಸಿ ಓಡಿಸಿ ಸಾಕಾದದ್ದು ಎಲ್ಲ ಹೇಳುತ್ತ ನನಗೆ ಒರಗಿದಳು. ಆಕೆಯ ತೋಳು ನನ್ನ ತೋಳಿಗೆ ತಾಗಿದಾಗ ನಾನು ಹಾವು ಕಂಡವಳ ಹಾಗೆ ಸರಿದೆ. ಪಾಪ, ಆಕೆ ತನ್ನ ಸೀರೆಯ ಮಣ್ಣಿಗೆ ನಾನು ಅಸಹ್ಯಪಟ್ಟೆನೆಂದು ತಿಳಿದು ಮಾತು ನಿಲ್ಲಿಸಿದಳು.

ಆ ಗ್ರಂಥಾಲಯದಲ್ಲಿ ಆಗ ಓದುಗರು ಕಪಾಟಿನ ಹತ್ತಿರ ಹೋಗುವಂತಿರಲಿಲ್ಲ. ಕಟಕಟೆಯ ಹಿಂದೆ ಒಬ್ಬ ಕಾರಕೂನರು. ಪುಸ್ತಕಗಳೆಲ್ಲ ಒಳಕೋಣೆಯಲ್ಲಿ. ನಾವು ಬೇಕಾದದ್ದನ್ನು ಕಾರಕೂನರಿಗೆ ಹೇಳಬೇಕು. ಅವರು ಕೂತಲ್ಲಿಂದಲೇ ಕತ್ತು ತಿರುಗಿಸಿ ಒಳಗಿನವನಿಗೆ ಕೂಗಬೇಕು. ಒಳಗಿನವನಿಗೆ ಕಿವಿ ಮಂದ. ಹಾಗಾಗಿ ಯಾರಿಗೆ ಯಾವ ಪುಸ್ತಕ ಬೇಕೆಂಬುದು ಇಡೀ ಪಡಸಾಲೆಗೆ ತಿಳಿಯುತ್ತಿತ್ತು. ನನ್ನ ಮುಂದೆ ಒಬ್ಬ ವ್ಯಾಪಾರಸ್ಥರು ಬಗ್ಗಿ ಏನೋ ಪಿಸುಗುಟ್ಟಿದರು.

"ಏ, ಮೂಲವ್ಯಾಧಿ ಪುಸ್ತಕ ಐತೇನು ನೋಡೋ! ಜಲ್ದಿ! ಸಾಹುಕಾರ್ರು ನಿಂತಾರ ಇಲ್ಲೆ!"

ಸಾಹುಕಾರರು ಟೊಪ್ಪಿಗೆ ಸರಿಮಾಡಿಕೊಂಡು, ಪುಸ್ತಕಕ್ಕೆ ಕಾಯದೆ ಹೊರಗೆ ನಡೆದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆ ದಿನ ಮುಂದಿನ ಸರದಿ ನನ್ನದಿತ್ತು.

"ನಿಮಗ ಯಾವುದ್ರಿ ಬಾಯಾರ?" ಎಂದರು ಕಾರಕೂನರು. ಓದಿದ ಹೆಂಗಸರೆಲ್ಲ ಅವರಿಗೆ ಬಾಯಾರು.

"ಅಡಿಗಿ ಪುಸ್ತಕ" ಎಂದೆ.

ಅಡಿಗೆ ಪುಸ್ತಕ ಮುಂದಿಟ್ಟುಕೊಂಡು ಸಂಜೆಯವರೆಗೆ ಕೂತೆ. ಹೋಳಿಗೆಗೆ ಕಣಕ ಹದಮಾಡುವುದನ್ನು ಎಷ್ಟು ಸಲ ಓದಿದೆನೋ, ಒಂದು ಅಕ್ಷರ ತಲೆಗೆ ಹೋಗಲಿಲ್ಲ. ಬೇಕಾದ ಪುಸ್ತಕ ಆ ಗೋಡೆಯ ಆಚೆ ಇತ್ತು. ಒಂದು ಮಾತು ಬಾಯಿಬಿಟ್ಟರೆ ಸಿಗುತ್ತಿತ್ತು. ಬಾಯಿ ಬರಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಅತ್ತೆ, ನನ್ನ ಹೇಡಿತನಕ್ಕೆ ನನಗೇ ಸಿಟ್ಟು ಬಂದಿತ್ತು.

ಮುಂದಿನ ಶನಿವಾರದ ಹೊತ್ತಿಗೆ ಕಲೆ ದೊಡ್ಡದಾಗಿದೆ ಎಂದು ನನಗೆ ಅನ್ನಿಸತೊಡಗಿತ್ತು. ಮುಂಡರಗಿಯವರು ಬರುವ ದಿನವೂ ಹತ್ತಿರ ಬಂದಿತ್ತು. ಏನಾದರಾಗಲಿ, ಇವತ್ತು ಕೇಳಿಯೇ ತೀರುವುದೆಂದು ಹೋದೆ. ಕಟಕಟೆಯ ಮುಂದೆ ನಿಂತು ಒಮ್ಮೆ ಹಿಂದೆ ನೋಡಿದೆ. ಕಿಟಕಿಯ ಹತ್ತಿರ ಪೇಪರ್ ಓದುತ್ತ ಕೂತವರು ನನ್ನನ್ನು ನೋಡಲು ಬರಲಿದ್ದ ಮುಂಡರಗಿಯ ಹುಡುಗನ ಸೋದರಮಾವ. ಸಂಬಂಧ ತಂದವರೇ ಅವರು, ಗದಗಿನಲ್ಲಿದ್ದ ನಿವೃತ್ತ ಮಾಸ್ತರರು. ತಿರುಗಿ ಹೋಗೋಣವೆಂದರೆ ಕಾರಕೂನರು ಆಗಲೇ ನನ್ನ ಮುಖ ನೋಡುತ್ತಿದ್ದರು.

"ಕುಷ್ಠರೋಗದ ಪುಸ್ತಕ" ಎಂದೆ. "ಶಾಲಿ ಮಕ್ಕಳಿಗೆ ಪಾಠ ಹೇಳೂದದರಿ."

ಅವರು ಕತ್ತು ತಿರುಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಕುಷ್ಠರೋಗದ ಪುಸ್ತಕ ತಗೊಂಬಾರೋ! ಬಾಯಾರಿಗೆ ಬೇಕಂತ! ಕುಷ್ಠರೋಗ! ಕುಷ್ಠ!"

ಪಡಸಾಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ತೆಳ್ಳನೆಯ ಪುಸ್ತಕವೊಂದು ಬಂತು. ಗೋಡೆಯ ಕಡೆ ಮುಖಮಾಡಿ ಕೂತು ಮೊದಲ ಪುಟ ತೆರೆಯುವಷ್ಟರಲ್ಲಿ ಮಾಸ್ತರರು ಎದ್ದು ಬಂದು ಎದುರು ಕೂತರು.

"ಇದೇನ ತಂಗಿ, ಇಂಥಾ ಪುಸ್ತಕ ಹಿಡಕೊಂಡು ಕೂತಿ?"

"ಆರೋಗ್ಯದ ಪಾಠ ಅದರಿ, ಮಾಸ್ತರ್ರ."

"ಛಲೋ ಆತು. ಅಂಥವ್ರಿಂದ ದೂರ ಇರ್ರಿ ಅಂತ ಹೇಳು ಹುಡುಗೂರಿಗೆ. ನೆರಳ ಸೈತ ಬೀಳಬಾರದು."

ಹೂಂ ಎಂದೆ. ಅವರು ಅಲ್ಲೇ ಪೇಪರ್ ಬಿಡಿಸಿದರು. ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ಅವರ ಕಣ್ಣೆದುರಿಗೇ ಓದಿದೆ. ಮಾಸಲು ಕಲೆ. ಬಿಸಿ, ತಂಪು ತಿಳಿಯದಿರುವುದು. ಗೊತ್ತಾಗದೆ ಸುಟ್ಟುಕೊಳ್ಳುವುದು. ಪ್ರತಿ ಸಾಲೂ ನನ್ನ ಕೈ ನೋಡಿಯೇ ಬರೆದಂತಿತ್ತು. ಆಮೇಲೆ ಬೇರೆ ಸಾಲುಗಳು ಬಂದವು. ಇದಕ್ಕೆ ಔಷಧ ಇದೆ, ಬೇಗ ಬಂದರೆ ಬೆರಳುಗಳಿಗೆ ಏನೂ ಆಗುವುದಿಲ್ಲ, ಒಮ್ಮೆ ಮುಟ್ಟಿದ ಮಾತ್ರಕ್ಕೆ ಅಂಟಿಕೊಳ್ಳುವುದಿಲ್ಲ. ಆ ಸಾಲುಗಳನ್ನು ನಂಬಲು ಧೈರ್ಯ ಬರಲಿಲ್ಲ, ಮತ್ತೆ ಮತ್ತೆ ಓದಿದೆ. ಕಾಕುವಿಗೆ ಇದನ್ನು ಯಾರೂ ಓದಿ ಹೇಳಿರಲಿಲ್ಲ.

ಕೊನೆಯಲ್ಲಿ ಪರೀಕ್ಷೆ ಮಾಡುವ ರೀತಿ ಇತ್ತು. ಕಣ್ಣು ಮುಚ್ಚಿಕೊಂಡು ಕೂಡಬೇಕು. ಇನ್ನೊಬ್ಬರು ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಬೇಕು. ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಬೇಕು.

ಇನ್ನೊಬ್ಬರು. ಅಷ್ಟು ಕಷ್ಟಪಟ್ಟು ಪಡೆದ ಪುಸ್ತಕ ನನ್ನನ್ನು ಮತ್ತೆ ಅದೇ ಬಾಗಿಲಿಗೆ ತಂದು ನಿಲ್ಲಿಸಿತ್ತು. ನನ್ನನ್ನು ಮುಟ್ಟಲು ಯಾರನ್ನು ಕರೆಯಲಿ?

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಹೆದರಿದಷ್ಟು ಓದುವವರು ಹೆದರುವುದು ಬೇಡ. ಸರಕಾರಿ ದವಾಖಾನೆಯ ಗುಳಿಗೆಗಳನ್ನು ಕೆಲವು ವರ್ಷ ತಪ್ಪದೆ ನುಂಗಿದೆ. ಕಲೆ ಮಾಸಿತು, ಬೆರಳುಗಳು ನೆಟ್ಟಗಿವೆ, ಸುಟ್ಟ ಗುರುತು ಮಾತ್ರ ಉಳಿದಿದೆ. ಮುಂಡರಗಿಯ ಸಂಬಂಧ ನಾನೇ ಬೇಡವೆಂದೆ. ಎಂಬತ್ತರ ದಶಕದಲ್ಲಿ ಲಕ್ಷ್ಮೇಶ್ವರದವರೊಬ್ಬರಿಗೆ ಎಲ್ಲ ಹೇಳಿಯೇ ಲಗ್ನವಾದೆ. ತಂಗಿಯ ಲಗ್ನವೂ ಆಯಿತು. ಆದರೆ ಗದಗಿನಿಂದ ಬಂದ ಮರುದಿನ, ಆ ಭಾನುವಾರ ಬೆಳಿಗ್ಗೆ, ಇದೊಂದೂ ನನಗೆ ಗೊತ್ತಿರಲಿಲ್ಲ.

ಅಜ್ಜಿ ಸ್ನಾನ ಮುಗಿಸಿ, ಮಡಿ ಉಟ್ಟು, ದೇವರ ಕೋಣೆಯಲ್ಲಿ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದಳು. ಮಧ್ಯಾಹ್ನ ಮಡಿ ಬಿಡುವವರೆಗೆ ಕಾಯಬಹುದಿತ್ತು. ಅಷ್ಟು ಹೊತ್ತು ಕಾದರೆ ನನ್ನ ಧೈರ್ಯ ಉಳಿಯುವುದಿಲ್ಲವೆಂದು ಗೊತ್ತಿತ್ತು. ಹೊಸ್ತಿಲ ಹೊರಗೆ ನಿಂತು ಕೈ ಚಾಚಿ ತೋರಿಸಿದೆ. ಗುಳ್ಳೆಯ ಮಾತು, ಪುಸ್ತಕದ ಮಾತು, ಹತ್ತಿಯ ಎಳೆಯ ಮಾತು ಎಲ್ಲ ಒಂದೇ ಉಸಿರಿಗೆ ಹೇಳಿದೆ.

"ಯಾರರೆ ಮುಟ್ಟಿ ನೋಡಬೇಕಂತ, ಅಜ್ಜಿ. ನಿನ್ನ ಮಡಿ ಕೆಡ್ತದ."

ಅಜ್ಜಿ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟು ನನ್ನ ಕೈ ನೋಡಿದಳು. ಕಾಕುವನ್ನು ಕೊಟ್ಟಿಗೆಗೆ ಹಾಕಿದಾಗ ಸರಿ ಮಾಡಿದರು ಅಂದವರಲ್ಲಿ ಈಕೆಯೂ ಒಬ್ಬಳು.

"ಒಳಗ ಬಂದು ಕುಂಡ್ರು" ಎಂದಳು. "ಕಣ್ಣು ಮುಚ್ಚು."

ಕೂತೆ. ಬಲಗೈ ಮೇಲೆ ಏನೋ ಹಗುರಾಗಿ ಸವರಿತು. ಇಲ್ಲೆ ಎಂದು ತೋರಿಸಿದೆ. ಎಡ ಮಣಿಕಟ್ಟಿನ ಮೇಲೆ ಸವರಿತು. ಇಲ್ಲೆ ಎಂದೆ. ಆಮೇಲೆ ಸುಮ್ಮನಾಯಿತು. ಹೊರಗೆ ಗುಬ್ಬಿಗಳು ಕಿಚಿಪಿಚಿ ಮಾಡುತ್ತಿದ್ದವು. ಬಸ್ ನಿಲ್ದಾಣದ ಕಡೆಯಿಂದ ಹಾರ್ನ್ ಕೇಳಿಸಿತು. ನಾನು ಕಾದೆ. ಅಜ್ಜಿಗೆ ಹೇಸಿಗೆ ಬಂದಿರಬೇಕು, ಕೈ ಮುಂದೆ ಬರುತ್ತಿಲ್ಲ ಎಂದುಕೊಂಡೆ.

"ಅಜ್ಜಿ, ಯಾಕ ಮುಟ್ಟವಲ್ಲಿ?"

"ಮುಟ್ಟೀನಿ ಕೂಸ" ಎಂದಳು. "ಆಗಿಂದ ಮುಟ್ಟಲಿಕ್ಹತ್ತೀನಿ."

ಕಣ್ಣು ತೆರೆದೆ. ಆಕೆಯ ಬೆರಳುಗಳ ನಡುವಿನ ಹತ್ತಿ ನನ್ನ ಕಲೆಯ ಮೇಲೆ ಹೋಗುತ್ತ ಬರುತ್ತ ಇತ್ತು. ನಾನು ನೋಡಿದ್ದನ್ನು ಕಂಡು ಅಜ್ಜಿ ಹತ್ತಿಯನ್ನು ಬದಿಗಿಟ್ಟು, ಕಲೆಯ ಮೇಲೆ ತನ್ನ ಅಂಗೈಯನ್ನೇ ಇಟ್ಟಳು. ಸುತ್ತಲಿನ ಚರ್ಮಕ್ಕೆ ಆ ಅಂಗೈ ಬೆಚ್ಚಗಿತ್ತು. ನಡುವೆ ಏನೂ ಇರಲಿಲ್ಲ.

"ನಾಳೆ ದವಾಖಾನಿಗೆ ಹೋಗೂಣು. ನಾನೂ ಬರ್ತೀನಿ."

ಅಳುತ್ತಲೇ ಎದ್ದು ಬಚ್ಚಲಿಗೆ ಹೋಗಿ, ಆಕೆಯ ಸ್ನಾನಕ್ಕೆ ಕೊಡದಿಂದ ತಣ್ಣೀರು ಹಂಡೆಗೆ ಸುರಿಯತೊಡಗಿದೆ. ಮುಟ್ಟಿಸಿಕೊಂಡರೆ ಅದೇ ನಮ್ಮ ಮನೆಯ ರೂಢಿ. ಅಜ್ಜಿ ಬರಲಿಲ್ಲ. ನೀರು ಆಯಿತೆಂದು ಕರೆದೆ, ಆಗಲೂ ಬರಲಿಲ್ಲ. ಹೋಗಿ ಇಣುಕಿ ನೋಡಿದೆ. ಅದೇ ಸೀರೆಯಲ್ಲಿ ದೇವರ ಮುಂದೆ ಕೂತಿದ್ದಳು. ನನ್ನ ಕೈ ಸವರಿದ ಆ ಹತ್ತಿಯನ್ನೇ ಬತ್ತಿ ಹೊಸೆದು, ತುಪ್ಪದಲ್ಲಿ ಅದ್ದಿ, ದೀಪ ಹಚ್ಚುತ್ತಿದ್ದಳು.