ಬಂಡೆಪ್ಪ ಪಟೇಲನ ಮೂಲವ್ಯಾಧಿ

ಬಂಡೆಪ್ಪ ಪಟೇಲ ನನ್ನ ಅಜ್ಜನ ಅಣ್ಣ. ನಿಜಾಮರ ಕಾಲದಲ್ಲಿ ರಾಯಿಕೋಡ್ ಹತ್ತಿರದ ನಮ್ಮೂರಿನ ಪಟೇಲಗಿರಿ ಅವನ ಕೈಯಲ್ಲಿತ್ತು. ಮನೆಯ ಹಿರಿಯನೆಂದು ಬಹುವಚನದಲ್ಲಿ ಬರೆಯಬೇಕಿತ್ತು, ಮನಸ್ಸು ಒಪ್ಪುವುದಿಲ್ಲ.

ಅವನು ಸ್ವಂತ ಕೈಯಿಂದ ಮಾಡಿದ ಕೆಲಸವೆಂದರೆ ಉಣ್ಣುವುದು ಮತ್ತು ಮೀಸೆ ತಿರುವುವುದು. ಉಳಿದದ್ದೆಲ್ಲ ಬಿಟ್ಟಿ ಚಾಕರಿಯವರ ಪಾಲು. ಹೊಲ ಉಳುವುದು, ಕಟ್ಟಿಗೆ ಒಡೆಯುವುದು ಇರಲಿ, ದೇವರಿಗೆ ಹರಕೆ ಹೊತ್ತರೆ ಅದರ ಉಪವಾಸವನ್ನೂ ಹಣಮಯ್ಯನೇ ಮಾಡಬೇಕಿತ್ತು. ಹಣಮಯ್ಯ ಊರ ಹೊರಗಿನ ಕೇರಿಯವನು, ತಂದೆಯ ಕಾಲದಿಂದ ಪಟೇಲರ ಬಿಟ್ಟಿಯಾಳು. ಅಂಗಳದ ಆಚೆ ನಿಂತು ಅಪ್ಪಣೆ ಕೇಳುತ್ತಿದ್ದ. ಅವನ ನೆರಳು ಬಿದ್ದರೆ ಪಟೇಲ ಸ್ನಾನ ಮಾಡುತ್ತಿದ್ದ. ಅವನ ಹಸಿವು ಮಾತ್ರ ಪಟೇಲನ ಪುಣ್ಯಕ್ಕೆ ಜಮೆಯಾಗುತ್ತಿತ್ತು, ಥೂ!

ಇಂಥ ಮಹಾರಾಯನಿಗೆ ಮೂಲವ್ಯಾಧಿ ಹತ್ತಿತು. ಮೂರು ಹೊತ್ತೂ ರೊಟ್ಟಿಗೆ ಕೆಂಪು ಖಾರದ ಹಿಂಡಿ ಚಟ್ನಿ, ಕೂತಲ್ಲಿಂದ ಏಳದ ಮೈ, ಹತ್ತದೆ ಏನಾದೀತು? ರಕ್ತ ಬೀಳತೊಡಗಿತು. ಗಾದಿಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದವನು ಕಂಬ ಹಿಡಿದು ನಿಂತು ಹೇಳತೊಡಗಿದ. ಪಟೇಲ ನಿಂತಾಗ ಬೇರೆ ಯಾರೂ ಕೂರುವಂತಿರಲಿಲ್ಲ. ಊರಿನ ಮುದುಕರೆಲ್ಲ ಅವನ ಜೊತೆ ನಿಂತೇ ಕಾಲು ನೋಯಿಸಿಕೊಂಡರು.

"ಕೊಹೀರದಾಗ ಹಕೀಮರು ಅದಾರ. ಹೋಗಿ ತೋರಿಸ್ರಿ," ಎಂದಳು ಹೆಂಡತಿ ಸುಗಲಾಬಾಯಿ.

"ಪಟೇಲ ಆಗಿ ಮಂದಿ ಮುಂದ ಧೋತ್ರ ಎತ್ತಲೇನು?" ಎಂದು ಹರಿಹಾಯ್ದ. ಹಣಮಯ್ಯನನ್ನು ಕರೆಸಿ, "ಬ್ಯಾನಿ ನಿನಗೇ ಆಗ್ಯದ ಅಂತ ಹೇಳಿ ದವಾ ತಗೊಂಡು ಬಾ," ಎಂದು ಅಟ್ಟಿದ.

ಹಕೀಮರು ಹಣಮಯ್ಯನನ್ನು ಮಲಗಿಸಿ ಪರೀಕ್ಷಿಸಿದರು. ಅಲ್ಲೇನೂ ಇರಲಿಲ್ಲ. "ಯಾರ ಬ್ಯಾನಿ ಹೊತ್ಕೊಂಡು ಬಂದೀದಿ?" ಎಂದು ಕೇಳಿದರೆ ಅವನು ನೆಲ ನೋಡಿದ. ಹಕೀಮರಿಗೆ ಅರ್ಥವಾಯಿತು. ಪುಡಿ ಕಟ್ಟಿಕೊಟ್ಟು, ಖಾರ ಬಿಟ್ಟು ಮಜ್ಜಿಗೆ, ಸುವರ್ಣಗಡ್ಡೆ ತಿನ್ನಬೇಕು ಎಂದು ಪಥ್ಯ ಹೇಳಿದರು.

ಪಟೇಲ ಪುಡಿ ನುಂಗಿದ. ಪಥ್ಯವನ್ನು ಎಂದಿನಂತೆ ಹಣಮಯ್ಯನಿಗೆ ಹಚ್ಚಿದ! ಅವನು ಕೇರಿಯಲ್ಲಿ ಸಪ್ಪೆ ಅಂಬಲಿ ಕುಡಿಯುತ್ತಿದ್ದರೆ ಇವನು ಹಿಂಡಿ ಹಚ್ಚಿಕೊಂಡು ರೊಟ್ಟಿ ಜಡಿಯುತ್ತಿದ್ದ.

"ಹಣಮ್ಯಾ, ಪಥ್ಯ ಬರೋಬರ್ ಮಾಡಾಕತ್ತೀದಿ ಇಲ್ಲೋ? ನನಗ ಕಮ್ಮಿ ಆಗವಲ್ದು!" ಎಂದು ದಿನವೂ ಬೈಗುಳ ಬೇರೆ.

ಕೊನೆಗೊಂದು ಬೆಳಿಗ್ಗೆ ರಕ್ತ ನಿಲ್ಲದೆ ಬಚ್ಚಲಲ್ಲೇ ಕುಸಿದ. ಮುಖ ಸುಣ್ಣ ಬಳಿದಂತೆ ಬಿಳುಚಿತ್ತು. ಇನ್ನು ತಡೆದರೆ ಗಂಡ ಉಳಿಯುವುದಿಲ್ಲವೆಂದು ಸುಗಲಾಬಾಯಿ ಬಂಡಿ ಕಟ್ಟಿಸಿ ಅವನನ್ನು ಬೋರಲು ಮಲಗಿಸಿದಳು. ಅಂಥ ಹೊತ್ತಿನಲ್ಲೂ ಪಟೇಲ, "ನಮ್ಮ ಮಂದಿ ಯಾರೂ ಬ್ಯಾಡ. ಹಣಮ್ಯಾ ಒಬ್ಬ ಸಾಕು," ಎಂದ. ನಮ್ಮವರು ನೋಡಿದರೆ ಮಾನ ಹೋಗುತ್ತದೆ. ಹಣಮಯ್ಯ ಅವನ ಲೆಕ್ಕದಲ್ಲಿ ಮನುಷ್ಯನೇ ಅಲ್ಲವಲ್ಲ.

ಹಕೀಮರು ಔಷಧ ಸವರಿದ ದಾರದಿಂದ ಮೊಳಕೆಗಳನ್ನು ಬಿಗಿದು ಕಟ್ಟಿದರು. ಅವು ಒಣಗಿ ಉದುರುವವರೆಗೆ ಕೊಹೀರಿನಲ್ಲೇ ಇರಬೇಕಾಯಿತು. ಕಟ್ಟುವಾಗ ಪಟೇಲನ ಕಾಲು ಹಿಡಿದವನು ಹಣಮಯ್ಯ. ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಕೂರಿಸಿದವನು, ಒರೆಸಿದವನು, ಎಣ್ಣೆ ಹಚ್ಚಿದವನು ಹಣಮಯ್ಯ. ನೆರಳಿಗೆ ಸ್ನಾನ ಮಾಡುತ್ತಿದ್ದ ಮಹಾನುಭಾವ ಅದೇ ಹಣಮಯ್ಯನ ಕುತ್ತಿಗೆ ತಬ್ಬಿ, "ಯಪ್ಪಾ, ಯಪ್ಪಾ" ಎಂದು ಅಳುತ್ತಿದ್ದ. ಪಥ್ಯವನ್ನು ಮಾತ್ರ ಹಕೀಮರು ಎದುರಿಗೆ ನಿಂತು ಅವನ ಬಾಯಿಗೇ ತಿನ್ನಿಸಿದರು.

ಕಾಯಿಲೆ ವಾಸಿಯಾಯಿತು. ಊರಿಗೆ ಬಂದ ಪಟೇಲ ಗಾದಿಯ ಮೇಲೆ ನೆಟ್ಟಗೆ ಕೂತು ಕೊಟ್ಟ ಮೊದಲ ಅಪ್ಪಣೆ, ಹಣಮಯ್ಯ ಊರು ಬಿಡಬೇಕು ಎಂಬುದು.

"ಏನ್ ತಪ್ಪು ಮಾಡೀನ್ರಿ ಧಣೇರ? ಯಾರ ಮುಂದೂ ಬಾಯಿ ಬಿಟ್ಟಿಲ್ರಿ."

"ನೋಡೀದಿ," ಎಂದ ಪಟೇಲ. ಅಷ್ಟೇ.

ಸುಗಲಾಬಾಯಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಹಣಮಯ್ಯ ಹೆಂಡತಿ ಲಚ್ಚಮ್ಮನನ್ನು ಕರೆದುಕೊಂಡು ಕೊಹೀರಿಗೆ ಹೋದ. ಹಕೀಮರು ತಮ್ಮಲ್ಲೇ ಕೆಲಸ ಕೊಟ್ಟರು. ಸಂತೆಗೆ ಹೋದ ನಮ್ಮೂರಿನವರೆಲ್ಲ, "ಊರ್ಯಾಕ ಬಿಟ್ಟಿ?" ಎಂದು ಕೇಳುವವರೇ. ಊರಲ್ಲಿದ್ದಷ್ಟು ದಿನ ತುಟಿ ಹೊಲಿದುಕೊಂಡಿದ್ದವನು ಈಗ ಕೇಳಿದವರಿಗೆಲ್ಲ ಇದ್ದದ್ದು ಇದ್ದಹಾಗೆ ಹೇಳಿದ. ಊರಿಗೆಲ್ಲ ಗೊತ್ತಾಯಿತು, ಪಟೇಲನೊಬ್ಬನನ್ನು ಬಿಟ್ಟು.

ಕೆಲವು ವರ್ಷಗಳ ಮೇಲೆ ಪಟೇಲ ಜ್ವರ ಬಂದು ಸತ್ತ. ನಮ್ಮಲ್ಲಿ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸುತ್ತಾರೆ. ಊರೆಲ್ಲ ಅಂಗಳದಲ್ಲಿ ನೆರೆದಿತ್ತು. ಹಲಗೆಯ ಮೇಲೆ ಕೂರಿಸುತ್ತಿದ್ದಾಗ ನೆರೆಮನೆಯ ಮುದುಕಿ ಬಂಡಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗಟ್ಟಿಯಾಗಿ ಹೇಳಿದಳು:

"ಸಾವಕಾಶ ಕುಂದ್ರಿಸ್ರೋ. ತೆಳಗ ಮೆತ್ತಂದು ಏನಾರ ಹಾಕ್ರಿ, ಪಟೇಲರಿಗಿ ಒತ್ತತದ."

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಂಡಸರಿಗೆ ಅದೂ ಆಗಲಿಲ್ಲ. ಭಜನೆಯವರ ತಾಳ ತಪ್ಪಿತು, ಅಂಗಳಕ್ಕೆ ಅಂಗಳವೇ ನಕ್ಕಿತು.

ಸುಗಲಾಬಾಯಿ ಎದ್ದು ಒಳಗೆ ಹೋದಳು. ನಾಚಿ ಹೋದಳೆಂದುಕೊಂಡರು. ಆಕೆ ಗಾದಿ ತಂದು ಹಲಗೆಯ ಮೇಲೆ ಹಾಕಿದಳು.